ಅಲೆಯಿಲ್ಲದ ಜಾಗ

ನಾಲ್ಕು ದಿನಗಳ ಕಡಲ ಪ್ರವಾಸದಲ್ಲಿ ಮೂರು ದಿನ ಗಾಳ ಹಾಕಿದೆ, ಮೀನು ಕಚ್ಚಲಿಲ್ಲ. ಅಷ್ಟೇ. ಬರೆಯಬೇಕೆನಿಸಿದ್ದು ಎರಡನೆಯ ದಿನದ ಹತ್ತು ನಿಮಿಷ.

ಆ ದಿನ ಗಾಳಿ ಜೋರಾಗಿತ್ತು, ದಡದುದ್ದಕ್ಕೂ ಬಿಳಿ ನೊರೆ. ಒಂದು ಕಡೆ ಮಾತ್ರ ಹದಿನೈದಿಪ್ಪತ್ತು ಹೆಜ್ಜೆ ಅಗಲಕ್ಕೆ ಅಲೆಯೇ ಒಡೆಯುತ್ತಿರಲಿಲ್ಲ. ನೀರು ಕಪ್ಪಗೆ, ಸಮತಟ್ಟಾಗಿತ್ತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಅಲ್ಲಿಯೇ ಇಳಿದೆ. ನೀರು ತೊಡೆ ಮುಟ್ಟಿದಾಗ ಹಿಮ್ಮಡಿಯ ಕೆಳಗಿನ ಮರಳು ಕರಗತೊಡಗಿತು. ಮುಂದಿನ ಹೆಜ್ಜೆಯನ್ನು ನಾನು ಇಡಲಿಲ್ಲ, ನೀರೇ ಇಡಿಸಿತು.

ದಡದತ್ತ ಈಜಿದಷ್ಟೂ ದಡ ದೂರವಾಗುತ್ತಿತ್ತು. ಅಲ್ಲಿ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು ಕೈಯನ್ನು ಅಡ್ಡಡ್ಡ ಬೀಸುತ್ತಿದ್ದರು. ಗಾಳದ ಕೋಲನ್ನು ಕೈಬಿಟ್ಟು (ಹೊಸದು, ಇನ್ನೂ ಹೊಟ್ಟೆ ಉರಿಯುತ್ತದೆ) ದಡಕ್ಕೆ ಸಮಾನಾಂತರವಾಗಿ ಈಜಿದೆ. ನೊರೆ ಸಿಕ್ಕಿತು, ನಾನು ಹೆದರಿ ದೂರವಿಟ್ಟಿದ್ದ ಅಲೆಗಳೇ ನನ್ನನ್ನು ದೂಡಿಕೊಂಡು ಬಂದವು.

ಹಿರಿಯರು ಬೈಯಲಿಲ್ಲ.

“ಅಲ್ಲಿಯೇ ಏಕೆ ಇಳಿದಿರಿ?”

“ಅಲೆ ಇರಲಿಲ್ಲವಲ್ಲ.”

“ಇಷ್ಟೊಂದು ನೀರು ದಡಕ್ಕೆ ಬರುತ್ತಿದೆ. ಹಿಂದಕ್ಕೆ ಎಲ್ಲಿಂದ ಹೋಗಬೇಕು?”

ಉತ್ತರ ನನ್ನ ಕಾಲಿಗೆ ಆಗಲೇ ಗೊತ್ತಾಗಿತ್ತು.

ಎದೆಯವರೆಗೆ ತೊಟ್ಟಿದ್ದ ನನ್ನ ರಬ್ಬರ್ ಉಡುಪನ್ನು ನೋಡಿ, “ಸೊಂಟದ ಪಟ್ಟಿ ಎಲ್ಲಿ?” ಎಂದರು. ಚೀಲದಲ್ಲಿತ್ತು. ಮಾರಿದವನು ‘ಬೇಕಾದರೆ ಕಟ್ಟಿಕೊಳ್ಳಿ’ ಎಂದಿದ್ದ. ಬೇಕಾದರೆ! ಬಿಗಿದು ಕಟ್ಟಿದ್ದರೆ ಅಷ್ಟು ನೀರು ಒಳಗೆ ನುಗ್ಗುತ್ತಿರಲಿಲ್ಲ. ತುಂಬಿದ ನೀರು ಕೆಳಕ್ಕೆ ಎಳೆಯುತ್ತದೆಂಬ ಮಾತು ಸುಳ್ಳು. ನೀರಿನೊಳಗೆ ನೀರಿಗೆ ಭಾರವಿಲ್ಲ. ಆದರೆ ದಡದಲ್ಲಿ ಏಳಲು ಹೋದಾಗ ಎರಡು ಕಾಲೂ ಎರಡು ತುಂಬಿದ ಕೊಡ. ಅಂಬೆಗಾಲಿಟ್ಟೇ ಹೊರಬಂದೆ.

ಸಂಜೆಯವರೆಗೆ ಅವರ ಪಕ್ಕದಲ್ಲೇ ಕುಳಿತೆ. ಅಲೆಗಳು ಗುಂಪುಗುಂಪಾಗಿ ಬರುತ್ತವೆ, ಸಣ್ಣವುಗಳ ಹಿಂದೆ ದೊಡ್ಡವು. ಹಾಗಾಗಿ ಇಪ್ಪತ್ತು ನಿಮಿಷ ನೋಡದೆ ಅವರು ಇಳಿಯುವುದಿಲ್ಲ. ಇಳಿದರೂ ಮೊಣಕಾಲಿಗಿಂತ ಆಳಕ್ಕಿಲ್ಲ. ಅಲೆಗೆ ಪಕ್ಕೆ ಕೊಟ್ಟು ನಿಲ್ಲುತ್ತಾರೆ. ಗಾಳಕ್ಕೆ ಹುಳು ಸಿಕ್ಕಿಸುವಾಗಲೂ ಕಡಲಿಗೆ ಬೆನ್ನು ತಿರುಗಿಸುವುದಿಲ್ಲ. ನೀರಿನಲ್ಲಿ ಪಾದ ಎಳೆಯುತ್ತಾ ನಡೆಯುತ್ತಿದ್ದುದನ್ನು ಕಂಡು ಮಂಡಿನೋವೆಂದುಕೊಂಡಿದ್ದೆ. ಅದು ಮರಳಿನಲ್ಲಿ ಹುದುಗಿರುವ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನನ್ನು ತುಳಿಯದೆ ಎಬ್ಬಿಸಿ ಓಡಿಸುವ ನಡಿಗೆಯಂತೆ.

ಮರುದಿನ ಬೆಳಿಗ್ಗೆ ಆ ಜಾಗವನ್ನು ಗುರುತಿಟ್ಟುಕೊಳ್ಳೋಣವೆಂದು ಹೋದೆ. ಅಲ್ಲಿ ನೊರೆಯೆದ್ದು ಅಲೆ ಒಡೆಯುತ್ತಿತ್ತು. ರಾತ್ರಿ ಮರಳು ಸರಿದಿರಬೇಕು. ಕಪ್ಪು ಓಣಿ ಐವತ್ತು ಹೆಜ್ಜೆ ಆಚೆ, ನಾನು ಚೀಲ ಇಳಿಸಿದ್ದ ಕಡೆಗೆ ಬಂದಿತ್ತು.