ಯಾರ್ ಸೊನ್ನಾಂಗ?

2015ರ ಡಿಸೆಂಬರ್ 1ರ ರಾತ್ರಿ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನಾನಿದ್ದ ಬಾಡಿಗೆ ಮನೆಯ ಕಟ್ಟಡಕ್ಕೆ ನೀರು ನುಗ್ಗಿತು. ಕರೆಂಟು ಮೊದಲೇ ಹೋಗಿತ್ತು, ಮೊಬೈಲ್ ಸಿಗ್ನಲ್ ಆಮೇಲೆ ಹೋಯಿತು. ನೆಲಮಹಡಿಯ ಎರಡು ಸಂಸಾರಗಳು ಅಕ್ಕಿ ಡಬ್ಬ, ಗ್ಯಾಸ್ ಸಿಲಿಂಡರ್, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಮೇಲೆ ಬಂದವು. ಅಲ್ಲಿಂದಾಚೆಗೆ ಇಡೀ ಕಟ್ಟಡದ ಬದುಕು ಮೆಟ್ಟಿಲ ಮೇಲೆಯೇ ನಡೆಯಿತು.

ಬೆಳಗ್ಗೆ ಪತ್ರಿಕೆ ಬರಲಿಲ್ಲ. 1878ರಲ್ಲಿ ಹುಟ್ಟಿದ ‘ದಿ ಹಿಂದೂ’ ಕೂಡ ಅಂದು ಚೆನ್ನೈನಲ್ಲಿ ಅಚ್ಚಾಗಲಿಲ್ಲ, ಮುದ್ರಣಾಲಯಕ್ಕೆ ಕೆಲಸಗಾರರು ತಲುಪಲು ಆಗಿರಲಿಲ್ಲ ಎಂಬುದು ನಮಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಪತ್ರಿಕೆಯಿಲ್ಲ, ಟಿವಿಯಿಲ್ಲ, ಫೋನಿಲ್ಲ. ಆದರೂ ಸುದ್ದಿಗೇನೂ ಬರವಿರಲಿಲ್ಲ. ಹಾಲು ಹುಡುಕಿಕೊಂಡು ಸೊಂಟದುದ್ದ ನೀರಿನಲ್ಲಿ ಹೋದವರು ಬರಿಗೈಯಲ್ಲಿ ಮರಳಿದರೂ ಒಂದು ಸುದ್ದಿಯನ್ನಂತೂ ತರುತ್ತಿದ್ದರು.

“ಏರಿ ಉಡೈಂಜಿಡುಚ್ಚಾಂ” ಎನ್ನುತ್ತ ಹೊಲಿಗೆಯವರ ಮಗ ಮೆಟ್ಟಿಲು ಹತ್ತಿ ಬಂದ. ಅಡಯಾರು ನದಿಗೆ ನೀರು ಬಿಡುವ, ಊರಾಚೆಯ ಚೆಂಬರಂಬಾಕ್ಕಂ ಕೆರೆ ಒಡೆದಿದೆಯಂತೆ! ತಮಿಳರು ಕೆರೆಯನ್ನೇ ಏರಿ ಎನ್ನುತ್ತಾರೆ. ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು ಕೆರೆಯ ಏರಿ ಒಡೆಯಿತೆಂದು. ಹೆದರಿಕೆಗೆ ಎರಡೂ ಒಂದೇ. ಅವನ ಮಾತಿನ ಕೊನೆಯಲ್ಲಿದ್ದ ‘ಆಂ’ ನಮ್ಮ ‘ಅಂತೆ’ಯೇ. ನಾನು ಕಂಡಿಲ್ಲ, ಯಾರೋ ಹೇಳಿದ್ದು ಎಂದು ಕೈತೊಳೆದುಕೊಳ್ಳುವ ಅಕ್ಷರ. ಸೋಜಿಗವೆಂದರೆ, ಅದೇ ಸುದ್ದಿ ಎರಡನೆಯ ಮಹಡಿಗೆ ಹೋಗುವಷ್ಟರಲ್ಲಿ ಆ ಅಕ್ಷರ ಉದುರಿಹೋಗಿತ್ತು. ಮೇಲಿನ ಮನೆಯಾಕೆ ಕೂಗಿ ಹೇಳಿದ್ದು “ಏರಿ ಉಡೈಂಜಿಡುಚ್ಚು” ಎಂದು. ಒಡೆದೇಹೋಯಿತು.

ಮನೆಯ ಮಾಲೀಕರಾದ ಅಮ್ಮ ದೂರವಾಣಿ ವಿನಿಮಯ ಕೇಂದ್ರದಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮೆಟ್ಟಿಲ ತಿರುವಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹುಡುಗನನ್ನು ನಿಲ್ಲಿಸಿ ಕೇಳಿದರು: “ಯಾರ್ ಸೊನ್ನಾಂಗ?” ಯಾರು ಹೇಳಿದರು?

ಅಂಗಡಿಯವರು ಎಂದ. ಅಂಗಡಿಯವರಿಗೆ ಯಾರ್ ಸೊನ್ನಾಂಗ? ಒಬ್ಬ ಆಟೊದವರು. ಆಟೊದವರು ನೇರ್ಲ ಪಾತ್ತಾರಾ, ಕಣ್ಣಾರೆ ಕಂಡರಾ? ಹುಡುಗ ಕಾಲಬೆರಳು ನೋಡಿಕೊಂಡ. “ಅಪ್ಪಡಿನ್ನಾ ತೆರಿಯಾದುನ್ನು ಸೊಲ್ಲು” ಎಂದರು ಅಮ್ಮ. ಹಾಗಾದರೆ ಗೊತ್ತಿಲ್ಲ ಎಂದು ಹೇಳು.

ಇದು ಕಾಲಹರಣದ ಮಾತಾಗಿರಲಿಲ್ಲ. ಕೆಳಗಿನ ಮನೆಯವರು ಎರಡು ಮಕ್ಕಳನ್ನು ಹೆಗಲಿಗೇರಿಸಿಕೊಂಡು ಸೈದಾಪೇಟೆಯ ಆಚೆಗಿರುವ ನೆಂಟರ ಮನೆಗೆ ನಡೆದೇ ಹೋಗುವುದೆಂದು ಹೊರಟು ನಿಂತಿದ್ದರು. ಅಡಯಾರು ನದಿ ಉಕ್ಕಿ ಸೈದಾಪೇಟೆಯ ಸೇತುವೆಯ ಮೇಲೆ ಸಂಚಾರವನ್ನೇ ನಿಲ್ಲಿಸಿದ್ದರು. ಕೆರೆ ಒಡೆದಿದ್ದರೆ ಹೇಗಾದರೂ ಓಡಲೇಬೇಕು. ತೂಬು ತೆರೆದು ನೀರು ಬಿಟ್ಟಿದ್ದರೆ ಮೊದಲ ಮಹಡಿಯಲ್ಲಿ ಕಾದು ಕೂರಬಹುದು. ಸಂಜೆ ಯಾರದೋ ಹಳೆಯ ರೇಡಿಯೊಗೆ ಸೆಲ್ ಸಿಕ್ಕಿತು. ಕೆರೆ ಒಡೆದಿರಲಿಲ್ಲ, ನೀರು ಬಿಟ್ಟಿದ್ದರು. ಆ ರಾತ್ರಿ ಬಿಟ್ಟದ್ದು 29,000 ಕ್ಯೂಸೆಕ್ ಎಂಬ ಅಧಿಕೃತ ಲೆಕ್ಕ ಆಮೇಲೆ ಓದಿದೆ. ತಾಂಬರಂ ಒಂದರಲ್ಲೇ ಒಂದು ದಿನದಲ್ಲಿ 49 ಸೆಂಟಿಮೀಟರ್ ಮಳೆಯಾಗಿತ್ತು.

ಅಷ್ಟು ಹೊತ್ತಿಗೆ ಆ ಎರಡು ಪದಗಳು ನನಗೆ ಬಾಯಿಪಾಠವಾಗಿದ್ದವು. ಅಮ್ಮ ಅದನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಕೇಳುತ್ತಿದ್ದರು. ಚಿಕ್ಕ ಹುಡುಗರಿಗೆ “ಯಾರ್‌ಡಾ ಸೊನ್ನಾ?”, ಪಕ್ಕದ ಕಟ್ಟಡದ ಹಿರಿಯರಿಗೆ, ಕಾಫಿ ಬೇಕೇ ಎನ್ನುವಷ್ಟು ಮೆತ್ತಗೆ, “ಯಾರ್ ಸೊನ್ನಾಂಗ, ಸಾರ್?” ಒಳ್ಳೆಯ ಸುದ್ದಿಗೂ ರಿಯಾಯಿತಿ ಇರಲಿಲ್ಲ. ರಾತ್ರಿಯೊಳಗೆ ಕರೆಂಟು ಬರುತ್ತದಂತೆ ಎಂದು ಒಬ್ಬರು ಬಂದು ಹೇಳಿದಾಗ ನಮಗೆಲ್ಲ ಎಷ್ಟು ಹಿಗ್ಗಾಗಿತ್ತು! ಅದಕ್ಕೂ ಅದೇ ಪ್ರಶ್ನೆ. ಆ ಕ್ಷಣ ಅವರ ಮೇಲೆ ನನಗೆ ಸಿಟ್ಟೇ ಬಂದಿತ್ತು. ಕರೆಂಟೇನೋ ಬರಲಿಲ್ಲ.

ನಮ್ಮ ಮೈಸೂರಿನ ಮನೆಗಳಲ್ಲಿ “ಯಾರು ಹೇಳಿದ್ದು?” ಎಂದರೆ ಜಗಳಕ್ಕೆ ನಿಂತಂತೆ. ಚಾಡಿ ಹೇಳಿದವರ ಹೆಸರು ಕೇಳಿದ ಹಾಗೆ. ಅದಕ್ಕೇ ನಾವು “ಹೌದಾ!” ಎಂದು ಕಣ್ಣರಳಿಸಿ ಮುಂದಿನವರಿಗೆ ದಾಟಿಸಿಬಿಡುತ್ತೇವೆ. ಅಂತೆಕಂತೆ ಎಂದು ನಗುವವರೂ ನಾವೇ, ಅದನ್ನು ಮಾರುವವರೂ ನಾವೇ. ತಮಿಳಿನಲ್ಲೂ ಆ ಮಾತನ್ನು ಗಡಸಾಗಿ ಆಡಿದರೆ ‘ಸುಳ್ಳು ಹೇಳಬೇಡ’ ಎಂದೇ ಅರ್ಥ. ಅಮ್ಮನ ದನಿಯಲ್ಲಿ ಮಾತ್ರ ಆಪಾದನೆ ಇರುತ್ತಿರಲಿಲ್ಲ. ಕರೆ ಎಲ್ಲಿಂದ ಬಂದಿದೆ ಎಂದು ವಿಚಾರಿಸುವ ಆಪರೇಟರಿನ ದನಿ ಅದು.

ಸಿಗ್ನಲ್ ಮರಳಿದಾಗ ಮೊದಲು ಬಂದ ಕರೆ ಭಾವನದು.

“ಲೋ, ಹೊರಗೆ ಕಾಲಿಡಬೇಡ. ಮೊಸಳೆಗಳು ತಪ್ಪಿಸಿಕೊಂಡು ರಸ್ತೆಯಲ್ಲೆಲ್ಲ ಓಡಾಡುತ್ತಿವೆ!”

ಈಸ್ಟ್ ಕೋಸ್ಟ್ ರಸ್ತೆಯಲ್ಲಿ 1976ರಲ್ಲಿ ಶುರುವಾದ ಮೊಸಳೆ ಉದ್ಯಾನವೊಂದಿದೆ. ಅಲ್ಲಿಂದ ಒಂದು ಮೊಸಳೆಯೂ ತಪ್ಪಿಸಿಕೊಂಡಿಲ್ಲವೆಂದು ಅಲ್ಲಿನವರು ಸ್ಪಷ್ಟಪಡಿಸಿ ಸಾಕಾಗಿದ್ದರು. ಮೈಸೂರಿಗೆ ಬರುವಷ್ಟರಲ್ಲಿ ಆ ಸುದ್ದಿಯ ‘ಅಂತೆ’ ಎಲ್ಲೋ ಬಿದ್ದುಹೋಗಿತ್ತು.

“ಯಾರ್ ಸೊನ್ನಾಂಗ, ಭಾವ?”

“ಏನು?”

“ಯಾರು ಹೇಳಿದರು ನಿಮಗೆ?”

“ನಿಮ್ಮಕ್ಕ.”

ಅಕ್ಕನಿಗೆ ಯಾರು ಹೇಳಿದರು ಎಂದು ವಿಚಾರಿಸುವ ಧೈರ್ಯ ನಮ್ಮಿಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ. ಊಟವಾಯಿತೇ ಎಂದು ಕೇಳಿ ಭಾವ ಫೋನಿಟ್ಟರು.