ಮಳೆಯ ದಿನ ಶುರುವಾಗುವುದು ಯಾವಾಗ? – ಹವಾಮಾನ ಲ್ಯಾಬ್, ಐದನೇ ವಾರ

ಕಳೆದ ವಾರ ಅರ್ಧಕ್ಕೆ ನಿಂತಿದ್ದ ಮಳೆಯ ಗ್ರಾಫ್ ಈ ವಾರ ಕೂಡಿ ಬಂತು. ಮೂರು ತರಗತಿ ಹಿಡಿಯಿತು. ಹಿಡಿಯಲಿ, ಇಷ್ಟು ಗಟ್ಟಿಯಾದ ಪಾಠವನ್ನು ನಾನು ಬೇರೆ ದಾರಿಯಲ್ಲಿ ಕಲಿಸಲಾರೆ.

ಎಂ.ಎಸ್ಸಿ. ಪ್ರಾಯೋಗಿಕ ತರಗತಿಗೆ ಆರಿಸಿಕೊಂಡದ್ದು 2018ರ ಆಗಸ್ಟ್‌ನಲ್ಲಿ ಗುಡ್ಡಗಳನ್ನೇ ಜರಿಸಿದ ಕೊಡಗಿನ ಮಳೆ. ಭಾರತೀಯ ಹವಾಮಾನ ಇಲಾಖೆ ಮಳೆಮಾಪಕಗಳ ಅಳತೆಯಿಂದ ತಯಾರಿಸುವ ದಿನವಾರು ಗ್ರಿಡ್, ಅಂದರೆ ನಕ್ಷೆಯ ಚೌಕಕ್ಕೊಂದರಂತೆ ಮಳೆಯ ಅಂಕಿ, ಒಂದು ಕಡೆ. ಹಳೆಯ ಅಳತೆಗಳನ್ನು ಗಣಕ ಮಾದರಿಯೊಂದಿಗೆ ಬೆಸೆದು ಯುರೋಪಿನ ಮುನ್ಸೂಚನಾ ಕೇಂದ್ರ ಮರುಲೆಕ್ಕ ಹಾಕಿದ ಹವಾಮಾನ ದಾಖಲೆ ಇಆರ್‌ಎ5 ಇನ್ನೊಂದು ಕಡೆ. ಎರಡೂ ಉಚಿತ. ಇಆರ್‌ಎ5ನಲ್ಲಂತೂ 1940ರಿಂದ ಗಂಟೆಗಂಟೆಯ ಲೆಕ್ಕವಿದೆ. ಲ್ಯಾಬಿನ ಗಣಕಗಳ ಮೆಮೊರಿ ನಾಲ್ಕೇ ಜಿಬಿ. ಕೊಡಗಿನ ಸುತ್ತಲಿನ ಭಾಗವನ್ನಷ್ಟೇ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ದೆ.

ಇಆರ್‌ಎ5 ಮಳೆಯನ್ನು ಮೀಟರಿನಲ್ಲಿ ಕೊಡುತ್ತದೆ. ಸಾವಿರದಿಂದ ಗುಣಿಸಿದರೆ ಆ ತೊಡಕು ಮುಗಿಯಿತು. ಕಾಡಿದ್ದು ಎರಡನೆಯದು. ಅದರ ಶಿಖರಗಳು ಇಲಾಖೆಯ ಗೆರೆಗಿಂತ ಒಂದು ದಿನ ಮುಂಚೆಯೇ ಏಳುತ್ತಿದ್ದವು. ಮಾದರಿಯದೇ ತಪ್ಪು ಎಂದು ಹಲವರು ದಾಖಲೆ ಪುಸ್ತಕದಲ್ಲಿ ಬರೆದೂ ಬಿಟ್ಟಿದ್ದರು.

ಗಂಟು ಬಿಡಿಸಿದವಳು ಸೋಮವಾರಪೇಟೆ ಕಡೆಯ ವಿದ್ಯಾರ್ಥಿನಿ. ಮನೆಯ ಕಾಫಿ ತೋಟದ ಮಳೆ ಪುಸ್ತಕದ ಫೋಟೊಗಳನ್ನು ತಂದಿದ್ದಳು. ದಿನಕ್ಕೊಂದು ಸಾಲು, ಇಂಚು–ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು), ತಾತನ ಕೈಬರಹ. “ಸರ್, ತಾತ ಮಾಪಕ ನೋಡುವುದು ಬೆಳಿಗ್ಗೆ. ಹಾಗಾದರೆ ಇಲ್ಲಿರುವುದು ಬಹುಪಾಲು ಹಿಂದಿನ ದಿನದ ಮಳೆಯಲ್ಲವೇ?” ಎಂದಳು.

ಇಲಾಖೆಯ ಮಳೆದಿನವೂ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಆಗಸ್ಟ್ 16ರ ಮಳೆ ಎಂದರೆ 15ರ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಸುರಿದದ್ದು. ಇಆರ್‌ಎ5ನ ಗಡಿಯಾರ ಗ್ರೀನ್‌ವಿಚ್ಚಿನದು, ನಮ್ಮ 8.30 ಅಲ್ಲಿ 3 ಗಂಟೆ. ಜೊತೆಗೆ, 4 ಗಂಟೆಯೆಂದು ಅದರಲ್ಲಿ ನಮೂದಾದ ಮಳೆ 3ರಿಂದ 4ರ ನಡುವೆ ಬಿದ್ದದ್ದು. ಆದ್ದರಿಂದ 15ರ 4 ಗಂಟೆಯಿಂದ 16ರ 3 ಗಂಟೆಯವರೆಗಿನ 24 ನಮೂದುಗಳನ್ನು ಕೂಡಬೇಕು. ಪೈಥಾನ್‌ನಲ್ಲಿ ಒಂದು ಸಾಲಿನ ತಿದ್ದುಪಡಿ. ಎರಡು ಗೆರೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದಾಗ ಹಿಂದಿನ ಬೆಂಚಿನವರೂ ಎದ್ದು ಪರದೆಯ ಬಳಿ ಬಂದರು. ಬರೆದ ತೀರ್ಮಾನಗಳನ್ನು ಅಳಿಸಬೇಡಿ, ಕೆಳಗೆ ಹೊಸದನ್ನು ಬರೆಯಿರಿ ಎಂದೆ.

ಶಿಖರಗಳ ಎತ್ತರ ಮಾತ್ರ ಇನ್ನೂ ಹೊಂದಿಲ್ಲ. ತೋಟದ ಪುಸ್ತಕದ ಮಳೆಯನ್ನು ಇಆರ್‌ಎ5 ಮುಟ್ಟುವುದೇ ಇಲ್ಲ. ಅದರ ಸುಮಾರು 31 ಕಿ.ಮೀ. ಚೌಕದೊಳಗೆ ಘಟ್ಟದ ಕಡಿದಾದ ಅಂಚು ತಗ್ಗು ದಿಬ್ಬವಾಗಿಬಿಡುತ್ತದೆ. ಅರಬ್ಬಿ ಸಮುದ್ರದ ತೇವಗಾಳಿ ಅಲ್ಲಿ ಏರಬೇಕಾದಷ್ಟು ಏರುವುದಿಲ್ಲ. ತಾತನ ಮಾಪಕವೋ ಒಂದೇ ಜಾಗದ ಮಳೆಯನ್ನು ಹೇಳುತ್ತದೆ, ಗ್ರಿಡ್ ಇಡೀ ಚೌಕದ ಸರಾಸರಿಯನ್ನು. ಇವೆರಡರಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಇಬ್ಬರು ವಿದ್ಯಾರ್ಥಿಗಳು ಕಿರುಯೋಜನೆಯಾಗಿ ಕೈಗೆತ್ತಿಕೊಂಡಿದ್ದಾರೆ.

ಮುಂದಿನ ವಾರ ಮಂಗಳೂರಿನ ಪಣಂಬೂರಿನಿಂದ ಹಾರಿಸುವ ಬಲೂನಿನ ಅಳತೆಗಳು. ಪೈಥಾನ್‌ನ ಹವಾಮಾನ ಸಾಧನ ಮೆಟ್‌ಪೈ ಕ್ಷಣದಲ್ಲಿ ಚಿತ್ರ ಬಿಡಿಸುತ್ತದೆ, ಆದರೂ ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನ (ತಣಿಯುವ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಗೆರೆ ಎಳೆಸುತ್ತೇನೆ. ಮಳೆಗಾಲದಲ್ಲಿ ಆ ಎರಡು ಗೆರೆಗಳು ಎಷ್ಟು ಎತ್ತರದವರೆಗೆ ಅಂಟಿಕೊಂಡೇ ಸಾಗುತ್ತವೆ ಎಂಬುದು ಕೈಗೆ ಗೊತ್ತಾಗಬೇಕು. ಕಾಗದಗಳ ಪ್ರತಿ ತೆಗೆಸಿಯಾಗಿದೆ. ತಾತ 2019ರ ಪುಟಗಳನ್ನೂ ಕಳುಹಿಸುತ್ತಾರಂತೆ.