ಮಕ್ಕಳಿಗೆಂದೇ ಬಂದ ಮೊದಲ ಪುಸ್ತಕ ಯಾವುದು?

ಮಕ್ಕಳ ಪುಸ್ತಕಗಳ ಮಾತು ಬಂದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಜಾಸ್ತಿ ಜನ ಹೇಳುವ ಉತ್ತರ ಒಂದಿದೆ: 1744, ಲಂಡನ್, ಪ್ರಕಾಶಕ ಜಾನ್ ನ್ಯೂಬೆರಿ. ನನ್ನ ಉತ್ತರ ಬೇರೆ. ನಾನು 1658ಕ್ಕೆ ಹೋಗುತ್ತೇನೆ.

ಪಂಚತಂತ್ರ, ಈಸೋಪನ ಕತೆಗಳು ಅದಕ್ಕಿಂತ ಎಷ್ಟೋ ಹಳೆಯವು, ನಿಜ. ಆದರೆ ಅವು ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಕೇಳಿಕೊಂಡು ಬಂದ ಕತೆಗಳು. ಒಂದು ಪುಟವನ್ನು ಮಗು ಹೇಗೆ ನೋಡುತ್ತದೆ ಅಂತ ಯೋಚಿಸಿ ಮಾಡಿದ ಪುಸ್ತಕ ಬೇಕಲ್ವಾ? ಅದನ್ನು ಮಾಡಿದವರು ಮೊರಾವಿಯಾದ (ಈಗಿನ ಚೆಕ್ ದೇಶದ ಒಂದು ಭಾಗ) ಪಾದ್ರಿ, ಮೇಷ್ಟ್ರು ಕೊಮೆನಿಯಸ್. ಅವರ ‘ಆರ್ಬಿಸ್ ಪಿಕ್ಟಸ್’ (ಅಂದರೆ ‘ಚಿತ್ರಗಳಲ್ಲಿ ಜಗತ್ತು’) 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು.

‘ಅದು ಲ್ಯಾಟಿನ್ ಕಲಿಸುವ ಪಠ್ಯಪುಸ್ತಕ, ಸಾಹಿತ್ಯ ಹೇಗಾಗುತ್ತದೆ?’ ಅಂತ ಕೆಲವರು ವಾದಿಸುತ್ತಾರೆ. ಪಠ್ಯಪುಸ್ತಕ ಹೌದು. ಆದರೆ ಅದರ ಅಕ್ಷರಮಾಲೆ ನೋಡಿ. ಪ್ರತಿ ಅಕ್ಷರಕ್ಕೂ ಒಂದು ಚಿತ್ರ, ಒಂದು ಸದ್ದು. ಕಾಗೆ ‘ಆ ಆ’ ಅನ್ನುತ್ತದೆ, ಕುರಿಮರಿ ‘ಬೇ ಏ ಏ’, ಕರಡಿ ‘ಮುಮ್ ಮುಮ್’, ಬೆಕ್ಕು ‘ನೌ ನೌ’. ಅಕ್ಷರ ಕಲಿಯಬೇಕಾದರೆ ಮಗು ಕೂಗಲೇಬೇಕು! ಮುಂದೆ 150 ಪಾಠಗಳು. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ ಹಾಕಿದ್ದಾರೆ, ಅದೇ ಅಂಕಿ ಪಾಠದಲ್ಲಿ ಆಯಾ ಪದದ ಪಕ್ಕದಲ್ಲೂ ಇದೆ. ಓದಲು ಬರದ ಮಗುವೂ ಬೆರಳಿಟ್ಟು ಹುಡುಕಬಹುದು. ನನ್ನ ಮಟ್ಟಿಗೆ ಈ ಬೆರಳಾಟವೇ ಮಕ್ಕಳ ಪುಸ್ತಕದ ಶುರು.

ಆ ಕಾಲದ ಬೇರೆ ಪುಸ್ತಕಗಳ ಪಕ್ಕ ಇಟ್ಟು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. 1670ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೇನ್‌ವೇ ಮಕ್ಕಳ ಕೈಗೆ ಕೊಟ್ಟದ್ದು ದೈವಭಕ್ತಿಯಲ್ಲೇ ಸಾಯುವ ಮಕ್ಕಳ ಕತೆಗಳನ್ನು. ಓದಿದರೆ ಹೊಟ್ಟೆ ಹಿಂಡುತ್ತದೆ.

ನ್ಯೂಬೆರಿಯ ಪುಟ್ಟ ಪುಸ್ತಕ ನನಗೂ ಇಷ್ಟವೇ. ಬೆಲೆ ಆರು ಪೆನ್ಸ್. ಎಂಟು ಕೊಟ್ಟರೆ ಹುಡುಗನಿಗೆ ಚೆಂಡು, ಹುಡುಗಿಗೆ ಸೂಜಿದಿಂಬು ಜೊತೆಗೆ. ಚೆಂಡಿಗೂ ದಿಂಬಿಗೂ ಒಂದು ಬದಿ ಕೆಂಪು, ಇನ್ನೊಂದು ಕಪ್ಪು. ಒಳ್ಳೆಯದು ಮಾಡಿದರೆ ಕೆಂಪಿಗೆ ಗುಂಡುಸೂಜಿ, ತಪ್ಪು ಮಾಡಿದರೆ ಕಪ್ಪಿಗೆ. ಮಕ್ಕಳ ಪುಸ್ತಕ ಮಾರಿ ಬದುಕಬಹುದು ಅಂತ ತೋರಿಸಿದ್ದು ದೊಡ್ಡ ಕೆಲಸ. ಆದರೆ ಆಟದಲ್ಲೂ ಅಲ್ಲಿ ದೊಡ್ಡವರ ಲೆಕ್ಕ ನಡೆಯುತ್ತಲೇ ಇರುತ್ತದೆ.

ಕೊಮೆನಿಯಸ್ ಪುಸ್ತಕ ಮರುವರ್ಷವೇ ಇಂಗ್ಲಿಷಿಗೆ ಹೋಯಿತು. 1749ರಲ್ಲಿ ಹುಟ್ಟಿದ ಜರ್ಮನ್ ಕವಿ ಗಯಟೆ ಆತ್ಮಕತೆಯಲ್ಲಿ ತನ್ನ ಬಾಲ್ಯದ ಓದನ್ನು ನೆನೆಯುತ್ತಾ, ಮಕ್ಕಳ ಪುಸ್ತಕ ಅಂತ ತಮಗೆ ಸಿಕ್ಕಿದ್ದು ಇದೊಂದೇ ಅಂದಿದ್ದಾನೆ.